ಟ್ಯಾಂಕ್ ಅಂದ್ರೆ ಕೆರೆ ಅಲ್ವಂತೆ, ಗೊತ್ತಿದ್ದೋರು ಹೇಳಿ

ಮಾಲೂರು ಮಮ್ಮಿ:
ಎಲ್ರಿಗೂ ನಮಸ್ಕಾರ, ಒಂದು ಡೌಟು. ಮಗಳು ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಯೂನಿಟ್ ಟೆಸ್ಟಲ್ಲಿ ಟ್ಯಾಂಕ್ ಅನ್ನೋ ಪದಕ್ಕೆ ಸಿನೊನಿಮ್ ಬರೀರಿ ಅಂತ ಕೊಟ್ಟವ್ರೆ. ಇವ್ಳು ಪಾಂಡ್ ಅಂತ ಬರ್ದವ್ಳೆ. ಮಿಸ್ಸು ಅದನ್ನ ಕೆಂಪು ಪೆನ್ನಲ್ಲಿ ಹೊಡ್ದಾಕಿ, ಪಕ್ಕದಲ್ಲಿ ಕಂಟೇನರ್ ಅಂತ ಬರ್ದು ಮಾರ್ಕ್ಸ್ ಕಟ್ ಮಾಡವ್ರೆ. ನಮ್ಮೂರಲ್ಲಿ ಕೆರೆ ಏರಿ ಮೇಲಿನ ರೋಡಿಗೆ ಟ್ಯಾಂಕ್ ಬಂಡ್ ರೋಡ್ ಅಂತ್ಲೇ ಅನ್ನೋದು, ಮಗು ಅದನ್ನೇ ಕೇಳ್ಕೊಂಡು ಬೆಳ್ದಿರೋದು. ಹೋಗಿ ಕೇಳ್ಲಾ, ಸುಮ್ನಿರ್ಲಾ?

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಸುಮ್ನಿರಿ ಮೇಡಂ. ಮಿಸ್ಸು ಮಾಡಿರೋದು ಸರಿಯಾಗೇ ಇದೆ. ಟ್ಯಾಂಕ್ ಅಂದ್ರೆ ನೀರೋ ಎಣ್ಣೆನೋ ಗ್ಯಾಸೋ ತುಂಬಿಡೋ ದೊಡ್ಡ ಪಾತ್ರೆ. ವಾಟರ್ ಟ್ಯಾಂಕ್, ಪೆಟ್ರೋಲ್ ಟ್ಯಾಂಕ್, ಆಕ್ಸಿಜನ್ ಟ್ಯಾಂಕ್, ಫಿಶ್ ಟ್ಯಾಂಕ್, ಸೆಪ್ಟಿಕ್ ಟ್ಯಾಂಕ್, ಎಲ್ಲಾ ಕಡೆ ಅದೇ ಅರ್ಥ. ಸಿನೊನಿಮ್ ಕೇಳಿದ್ರೆ ಕಂಟೇನರ್, ಸಿಸ್ಟರ್ನ್, ವ್ಯಾಟ್, ಇಷ್ಟು. ಕೆರೆಗೆ ಟ್ಯಾಂಕ್ ಅನ್ನೋದು ಬ್ರಿಟಿಷರ ಕಾಲದ ಗುಮಾಸ್ತರು ಬಿಟ್ಟು ಹೋದ ಆಫೀಸು ಇಂಗ್ಲಿಷು. ಸ್ಟ್ಯಾಂಡರ್ಡ್ ಇಂಗ್ಲಿಷಲ್ಲಿ ಹಾಗೆ ಯಾರೂ ಹೇಳಲ್ಲ.

ನೀರಗಂಟಿ ಮೊಮ್ಮಗ:
"ಯಾರೂ ಹೇಳಲ್ಲ" ಅಂತೀರಲ್ಲ ಮೇಷ್ಟ್ರೇ, ನಮ್ ತಾತ ಮುಳಬಾಗಿಲು ಕಡೆ ಕೆರೆ ನೀರು ಹಂಚೋ ನೀರಗಂಟಿ ಆಗಿದ್ದೋರು, ಇಂಗ್ಲಿಷು ಒಂದಕ್ಷರ ಬತ್ತಿರ್ಲಿಲ್ಲ, ಆದ್ರೂ ಟ್ಯಾಂಕು ಅಂದ್ರೆ ಯಾವ್ದು ಅಂತ ಗೊತ್ತಿತ್ತು, ಯಾಕಂದ್ರೆ ಸರ್ವೆಯೋರು ಕಂದಾಯದೋರು ಬಂದಾಗೆಲ್ಲ ಅದೇ ಮಾತು. ಹಳೇ ಮ್ಯಾಪ್ ತೆಗ್ದು ನೋಡಿ, ಕೆರೆ ಇರೋ ಜಾಗದಲ್ಲಿ ಟ್ಯಾಂಕ್ ಅಂತ್ಲೇ ಐತೆ. ಕಿಟ್ಟೆಲ್ ಡಿಕ್ಷನರಿ 1894ದು, ಅದ್ರಲ್ಲೂ ಕೆರೆ ಅಂದ್ರೆ ಟ್ಯಾಂಕೇ. ಇನ್ನೇನ್ ಬೇಕು? ಅಕ್ಕ, ನೀವ್ ಹೋಗಿ ಕೇಳಿ, ಬುಡ್ಬೇಡಿ.

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಕಿಟ್ಟೆಲ್ ಅವರ ಮೇಲೆ ನನಗೂ ಗೌರವ ಇದೆ, ಆದ್ರೆ ಅವರು ಜರ್ಮನಿಯೋರು. ಜರ್ಮನ್ ಪಾದ್ರಿ ಕನ್ನಡ ಪದಕ್ಕೆ ಕೊಟ್ಟ ಇಂಗ್ಲಿಷ್ ಅರ್ಥ ನೋಡ್ಕೊಂಡು ಮಕ್ಳಿಗೆ ಇಂಗ್ಲಿಷ್ ಮಾರ್ಕ್ಸ್ ಕೊಡಕ್ಕಾಗುತ್ತಾ?

ಶಾಸನಪ್ರಿಯ:
"ಬ್ರಿಟಿಷರ ಕಾಲದ ಗುಮಾಸ್ತರು" ಅನ್ನೋದು ಶುದ್ಧ ತಪ್ಪು, ಇದನ್ನ ಹೀಗೇ ಬಿಡಕ್ಕಾಗಲ್ಲ. ಬ್ರಿಟಿಷರು ಇಲ್ಲಿಗೆ ಬರೋಕೆ ಮುಂಚೇನೇ ಪೋರ್ಚುಗೀಸರ ಬಾಯಲ್ಲಿ ತಾಂಕೆ ಅಂತ ಇತ್ತು. 1498ರಲ್ಲಿ ವಾಸ್ಕೋ ಡ ಗಾಮನ ಜೊತೆ ಬಂದೋನೊಬ್ಬ ಬರೆದ ದಿನಚರಿಲೇ ಕಲ್ಲಿಕೋಟೆ ಕಡೆ ಒಂದು ದೇವಸ್ಥಾನದ ಹತ್ರ ಕಲ್ಲಲ್ಲಿ ಕಟ್ಟಿದ ದೊಡ್ಡ ನೀರಿನ ತಾಣದ ವಿಷಯ ಬರುತ್ತೆ (ಆ ಪುಣ್ಯಾತ್ಮರು ದೇವಸ್ಥಾನನ ಚರ್ಚು ಅಂದ್ಕೊಂಡಿದ್ರು, ಅದು ಬೇರೆ ಕಥೆ). 1886ರಲ್ಲಿ ಯೂಲ್ ಮತ್ತು ಬರ್ನೆಲ್ ಮಾಡಿದ ಹಾಬ್ಸನ್ ಜಾಬ್ಸನ್ ಕೋಶದಲ್ಲಿ ಈ ಪದದ ಬಗ್ಗೆ ಉದ್ದುದ್ದ ಚರ್ಚೆ ಇದೆ. ಗುಜರಾತಿಲಿ ನೆಲದೊಳಗೆ ಕಟ್ಟೋ ನೀರಿನ ತೊಟ್ಟಿಗೆ ಟಾಂಕು, ಮರಾಠಿಲಿ ಟಾಂಕೆ, ರಾಜಸ್ಥಾನದ ಮನೆಗಳಲ್ಲಿ ಮಳೆನೀರು ಹಿಡಿಯೋ ಟಾಂಕಾ ಇವತ್ತಿಗೂ ಇದೆ. ಮುಖ್ಯವಾದದ್ದು ಇದು, ಇಂಗ್ಲಿಷಲ್ಲಿ ಈ ಪದ 1600ರ ಆಸುಪಾಸಲ್ಲಿ ಮೊದಲು ಬಂದಿದ್ದೇ ಭಾರತದ ಕೆರೆ ಕೊಳ ಅನ್ನೋ ಅರ್ಥದಲ್ಲಿ. ತಗಡಿನ ಪಾತ್ರೆ ಅನ್ನೋ ಅರ್ಥ ಅದೇ ಶತಮಾನದ ಕೊನೆ ಕೊನೆಗೆ ಬಂತು. ಅಂದ್ರೆ ಮಗು ಬರ್ದಿದ್ದು ಹಳೇ ಅರ್ಥ, ಮಿಸ್ಸು ಬರ್ದಿದ್ದು ಹೊಸದು. ಹಳೇದನ್ನ ಹೊಡ್ದಾಕಿ ಹೊಸದಕ್ಕೆ ಮಾರ್ಕ್ಸು!

ಬೆಂಗ್ಳೂರ್ ರಿಟರ್ನ್:
"ಕಲ್ಲಲ್ಲಿ ಕಟ್ಟಿದ" ಅಂತ ನೀವೇ ಬರೆದ್ರಲ್ಲ ಸಾರ್. ಅದು ಕಲ್ಯಾಣಿ, ಪುಷ್ಕರಣಿ. ಕೆರೆ ಅಲ್ವೇ ಅಲ್ಲ. ಕೆರೆಗೆ ಕರೆಕ್ಟ್ ವರ್ಡ್ ಲೇಕ್. ಹಲಸೂರು ಲೇಕ್, ಬೆಳ್ಳಂದೂರು ಲೇಕ್, ವರ್ತೂರು ಲೇಕ್. ನಾನು ಅಷ್ಟು ವರ್ಷ ಬೆಂಗಳೂರಲ್ಲಿದ್ದೆ, ಯಾವ ಅಪಾರ್ಟ್‌ಮೆಂಟ್ ಬ್ರೋಷರಲ್ಲೂ ಟ್ಯಾಂಕ್ ವ್ಯೂ ಅಂತ ನೋಡಿಲ್ಲ. ಲೇಕ್ ವ್ಯೂ ಅಂತ್ಲೇ ಇರುತ್ತೆ.

ನೀರಗಂಟಿ ಮೊಮ್ಮಗ:
ಬ್ರೋಷರು!! ಸೈಟು ಮಾರೋರು ಏನ್ ಬರೀತಾರೋ ಅದು ಡಿಕ್ಷನರಿನಾ ಅಣ್ಣ?

ಲೇಕು ಅಂದ್ರೆ ದೇವ್ರು ಮಾಡಿದ್ದು, ತಾನಾಗಿ ನೀರು ನಿಂತಿರೋದು. ನಮ್ ಕಡೆ ಅಂಥದ್ದು ಎಲ್ಲೈತೆ ತೋರ್ಸಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮೂರು ಜಿಲ್ಲೇಲೂ ಹಳ್ಳಕ್ಕೆ ಅಡ್ಡಡ್ಡ ಮಣ್ಣಿನ ಏರಿ ಹಾಕಿ, ಗದ್ದೆಗೆ ನೀರು ಬುಡಕ್ಕೆ ತೂಬು ಇಟ್ಟು, ಜಾಸ್ತಿ ಆದ ನೀರು ಹೋಗಕ್ಕೆ ಕೋಡಿ ಬುಟ್ಟು, ಕೆಳಗಡೆ ಆ ನೀರು ಹರಿಯೋ ಜಮೀನು, ಅಂದ್ರೆ ಅಚ್ಚುಕಟ್ಟು ಮಾಡ್ಕೊಂಡು ಕಟ್ಟಿರೋವು. ಒಂದ್ ಕೆರೆ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ. ಮನುಷ್ಯರು ಕೈಯಲ್ಲಿ ಕಟ್ಟಿದ್ದಕ್ಕೆ ಲೇಕು ಅಂದ್ರೆ ಕಟ್ಟಿದೋರ ಹೆಸ್ರು ಅಳಿಸ್ದಂಗೆ. ಅದು ಟ್ಯಾಂಕೇ.

ಗೌರಿಬಿದನೂರು ಜಿಮ್ ಬಾಯ್:
ಗುರು ನಮ್ ಜಿಮ್ಮಲ್ಲಿ ತೋಳಿಲ್ಲದ ಬನಿಯನ್ನಿಗೆ ಟ್ಯಾಂಕ್ ಅಂತಾರೆ, ಟ್ಯಾಂಕ್ ಟಾಪ್. ಅದು ಕೆರೆನಾ ಪಾತ್ರೆನಾ ಹೇಳಿ ಈಗ 😂 ಗೇಮಲ್ಲಿ ಎಲ್ರ ಏಟು ತಾನು ತಿನ್ನೋನು ಟ್ಯಾಂಕು. ಪಿಕ್ಚರ್ ಮಲಗಿದ್ರೆ ಟ್ಯಾಂಕ್ ಆಯ್ತು. ಶೇರ್ ಬಿದ್ರೂ ಟ್ಯಾಂಕ್ ಆಯ್ತು. ಏಳನೇ ಕ್ಲಾಸ್ ಮಗು ಇಷ್ಟ್ರಲ್ಲಿ ಯಾವ್ದು ಬರೀಬೇಕಿತ್ತು?

ಶಾಸನಪ್ರಿಯ:
ತಮ್ಮ, ನಿನ್ನ ಬನಿಯನ್ನೂ ನೀರಿಂದಾನೇ ಬಂದಿರೋದು. ಈಜುಕೊಳಕ್ಕೆ ಟ್ಯಾಂಕ್ ಅನ್ನೋರು, ಅಲ್ಲಿ ಹಾಕ್ಕೊಳ್ಳೋ ಉಡುಪು ಟ್ಯಾಂಕ್ ಸೂಟು, ಅದರ ಮೇಲಿನ ಭಾಗದ ಥರ ಇರೋದು ಟ್ಯಾಂಕ್ ಟಾಪ್. ಬೇಕು ಅಂತ್ಲೇ ಸೋಲೋದಕ್ಕೂ ಟ್ಯಾಂಕ್ ಅಂತಾರೆ, ಅದು ಅಮೆರಿಕದ ಬಾಕ್ಸಿಂಗ್ ಕಡೆಯಿಂದ, ದುಡ್ಡು ತಗೊಂಡು ನೀರಿಗೆ ಬಿದ್ದಂಗೆ ಮ್ಯಾಟ್ ಮೇಲೆ ಬೀಳ್ತಿದ್ರು ಅಂತ. ಎಲ್ಲಿ ಹೋದ್ರೂ ನೀರೇ. ಪಾತ್ರೆ ಎಲ್ಲಿಂದ ಬಂತು?

ಕೆಜಿಎಫ್ ರಿಟೈರ್ಡ್:
ಎಲ್ಲಾರಿಗೂ ವಂದನೆ. "ಎಲ್ಲಿ ಹೋದ್ರೂ ನೀರೇ" ಅನ್ನೋದು ಒಪ್ಪಲ್ಲ. ಯುದ್ಧದ ಟ್ಯಾಂಕ್ ಮರೆತುಬಿಟ್ರಾ? ಪ್ರಪಂಚದಲ್ಲಿ ಯಾರನ್ನಾದ್ರೂ ಟ್ಯಾಂಕ್ ಅಂದ್ರೆ ಏನು ಅಂತ ಕೇಳಿ, ಮೊದಲು ಅದೇ ಹೇಳ್ತಾರೆ. ನಾನು ಬೆಮೆಲ್‌ನಲ್ಲಿ ಸರ್ವಿಸ್ ಮಾಡಿದೋನು. ನಾವು ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ಮಾಡಿದ್ವಿ, ಟ್ಯಾಂಕ್ ತಯಾರಾಗೋದು ಚೆನ್ನೈ ಹತ್ರದ ಆವಡಿಲಿ. ಆದ್ರೂ ಚೈನ್ ಮೇಲೆ ಓಡೋ ಗಾಡಿ ಅಂದ್ರೆ ಏನು ಅಂತ ನಮಗೆ ಗೊತ್ತು. ಅದಕ್ಕೂ ಕೆರೆಗೂ ಏನು ಸಂಬಂಧ?

ಶಾಸನಪ್ರಿಯ:
ಅಯ್ಯೋ ಸಾರ್, ಅದಕ್ಕೇ ಜಾಸ್ತಿ ಸಂಬಂಧ. 1915ರಲ್ಲಿ ಇಂಗ್ಲೆಂಡಲ್ಲಿ ಆ ಗಾಡಿನ ಗುಟ್ಟಾಗಿ ಮಾಡ್ತಿದ್ರು. ಅದರ ನಿಜವಾದ ಹೆಸರು ಲ್ಯಾಂಡ್‌ಶಿಪ್, ನೆಲದ ಹಡಗು. ಆ ಹೆಸರು ಹೊರಗೆ ಬಂದ್ರೆ ಜರ್ಮನ್ನರಿಗೆ ಗೊತ್ತಾಗುತ್ತೆ ಅಂತ, ಲಿಂಕನ್ ಊರಿನ ಫ್ಯಾಕ್ಟರಿ ಕೆಲಸಗಾರರಿಗೆ ಇದು ಮೆಸಪಟೋಮಿಯಾ ಮರಳುಗಾಡಿಗೆ ನೀರು ಸಾಗಿಸೋ ಗಾಡಿ ಅಂತ ಹೇಳಿದ್ರು. ವಾಟರ್ ಕ್ಯಾರಿಯರ್ ಅಂತ ಇಡೋಣ ಅಂದ್ರೆ ಚಿಕ್ಕದಾಗಿ ಬರೆದಾಗ ಡಬ್ಲ್ಯೂಸಿ ಆಗುತ್ತೆ, ಅಂದ್ರೆ ಕಕ್ಕಸು, ಅದಕ್ಕೇ ಟ್ಯಾಂಕ್ ಅಂತ ಇಟ್ರು ಅಂತಾರೆ. 1916ರ ಸೆಪ್ಟೆಂಬರ್ 15ಕ್ಕೆ ಫ್ರಾನ್ಸಿನ ಸೋಮ್ ಕದನದಲ್ಲಿ ಮೊದಲ ಸಲ ಇಳಿಸಿದ್ರು, ಹೆಸರು ಹಂಗೇ ಅಂಟ್ಕೊಂಡ್ತು. ಗುಜರಾತಿನ ನೀರಿನ ತೊಟ್ಟಿ ಹೆಸರು ಹೊತ್ಕೊಂಡು ಫಿರಂಗಿ ಹೊರಟಿದ್ದು.

ಕೆಜಿಎಫ್ ರಿಟೈರ್ಡ್:
ನೀರು "ಸಾಗಿಸೋ ಗಾಡಿ" ಅಂತ ನೀವೇ ಬರೆದಿದೀರಿ. ಅಂದ್ರೆ ಪಾತ್ರೆ. ಕೆರೆನ ಯಾರೂ ಮೆಸಪಟೋಮಿಯಾಕ್ಕೆ ಸಾಗಿಸಲ್ಲ. ಮೇಷ್ಟ್ರು ಹೇಳಿದ್ದೇ ಸರಿ ಆಯ್ತು.

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಥ್ಯಾಂಕ್ಯೂ ಸಾರ್. ಇನ್ನೊಂದು ಮಾತು, ಗುಜರಾತಿ ಗುಜರಾತಿ ಅಂತ ಹೇಳ್ತಿದಾರಲ್ಲ, ಪೋರ್ಚುಗೀಸಲ್ಲಿ ಎಸ್ತಾಂಕಾರ್ ಅಂತ ಕ್ರಿಯಾಪದ ಇದೆ, ಹರಿಯೋದನ್ನ ತಡೆದು ನಿಲ್ಲಿಸೋದು ಅಂತ ಅರ್ಥ, ಅದು ಲ್ಯಾಟಿನ್ ಮೂಲದ್ದು. ಅದರಿಂದ ಎಸ್ತಾಂಕೆ, ಅದರಿಂದ ತಾಂಕೆ, ಅದರಿಂದ ಟ್ಯಾಂಕ್. ನಮ್ಮ ಗುಜರಾತಿ ಪದಾನೇ ಪೋರ್ಚುಗೀಸಿಂದ ಬಂದಿದ್ದು ಅನ್ನೋರೂ ಇದಾರೆ. ಶಾಸನಪ್ರಿಯ ಅವರು ಅದನ್ನ ಬಿಟ್ಟೇಬಿಟ್ರು.

ಶಾಸನಪ್ರಿಯ:
ಬಿಟ್ಟಿಲ್ಲ, ಹೇಳೋ ಅಗತ್ಯ ಇರ್ಲಿಲ್ಲ. ಎರಡೂ ಸೇರ್ಕೊಂಡು ಬಂತು ಅನ್ನೋದೇ ಡಿಕ್ಷನರಿಗಳು ಹೇಳೋದು. ಸಂಸ್ಕೃತದ ತಟಾಕ, ತಡಾಗ ಕಡೆಗೂ ಎಳೆಯೋರು ಇದಾರೆ. ಮತ್ತೆ "ತಡೆದು ನಿಲ್ಲಿಸೋದು" ಅಂತ ನೀವೇ ಅರ್ಥ ಕೊಟ್ರಿ ನೋಡಿ, ಹರಿಯೋ ನೀರನ್ನ ತಡೆದು ನಿಲ್ಲಿಸೋದು ಏರಿ ಹಾಕಿದ ಕೆರೆನೋ, ಸಿಂಟೆಕ್ಸ್ ಡ್ರಮ್ಮೋ?

ಬೆಂಗ್ಳೂರ್ ರಿಟರ್ನ್:
ಎಲ್ಲಾ ಸರಿ, ಆದ್ರೆ ಲೇಕ್ ಅನ್ನೋದಕ್ಕೆ ಯಾರೂ ಆನ್ಸರ್ ಮಾಡ್ಲಿಲ್ಲ. ಗವರ್ಮೆಂಟೇ ಲೇಕ್ ಡೆವಲಪ್‌ಮೆಂಟ್ ಅಥಾರಿಟಿ ಅಂತ ಮಾಡಿತ್ತು. ಟ್ಯಾಂಕ್ ಅನ್ನೋದು ಔಟ್‌ಡೇಟೆಡ್, ಡಂಪ್ ಮಾಡೋ ಜಾಗ ಅನ್ನೋ ಫೀಲಿಂಗ್ ಬರುತ್ತೆ.

ಶಾಸನಪ್ರಿಯ:
"ಮಾಡಿತ್ತು", ಹೌದು, ಇತ್ತು. 2014ರ ಕಾಯ್ದೆ ಮೊದಲು ಲೇಕ್ ಕನ್ಸರ್ವೇಶನ್ ಅಂತ್ಲೇ ಬಂದಿದ್ದು. ಆಮೇಲೆ ತಿದ್ದುಪಡಿ ತಂದು ಟ್ಯಾಂಕ್ ಕನ್ಸರ್ವೇಶನ್ ಅಂತ ಬದಲಾಯಿಸಿದ್ರು. ಈಗಿನ ಹೆಸರು ಕರ್ನಾಟಕ ಟ್ಯಾಂಕ್ ಕನ್ಸರ್ವೇಶನ್ ಅಂಡ್ ಡೆವಲಪ್‌ಮೆಂಟ್ ಅಥಾರಿಟಿ, ಕನ್ನಡದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ. ಸರ್ಕಾರ ನಿಮ್ಮ ಲೇಕನ್ನೇ ಟ್ಯಾಂಕ್ ಮಾಡ್ತು. ಬೆಂಗಳೂರಲ್ಲೇ 1882ರಲ್ಲಿ ಕರ್ನಲ್ ಸ್ಯಾಂಕಿ ಕಟ್ಟಿಸಿದ್ದು ಇವತ್ತಿಗೂ ಸ್ಯಾಂಕಿ ಟ್ಯಾಂಕ್, ಅದನ್ನ ಯಾಕೆ ಲಿಸ್ಟಿಂದ ಬಿಟ್ರಿ? ಧರ್ಮಾಂಬುಧಿ ಟ್ಯಾಂಕ್ ಮುಚ್ಚಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಟ್ಯಾಂಕ್ ಕಂಠೀರವ ಸ್ಟೇಡಿಯಂ ಆಯ್ತು. ಟ್ಯಾಂಕ್ ಅಂತ ಇದ್ದಿದ್ದಕ್ಕೆ ಮುಚ್ಚಿದ್ರು ಅಂತ ಮಾತ್ರ ಹೇಳ್ಬೇಡಿ.

ಚಿಂತಾಮಣಿ ಟೊಮೊಟೊ:
ಅಲ್ಲಾ ಇಷ್ಟೊತ್ತು ಎಲ್ರೂ ಬರ್ದಿದ್ದನ್ನ ಓದ್ದೆ, ಮೇಷ್ಟ್ರು ಮೊದಲ್ನೇ ಕಾಮೆಂಟಲ್ಲೇ "ಸೆಪ್ಟಿಕ್ ಟ್ಯಾಂಕ್" ಅಂತ ಬರ್ದವ್ರೆ ಅದೇ ಕರೆಕ್ಟು. 2018ರಿಂದ ಬೆಂಗಳೂರೋರು ತೊಳ್ದ ನೀರು ನಮ್ ಕೆರೆಗಳಿಗೆ ಬರ್ತಾ ಐತಲ್ಲ, ಕೆಸಿ ವ್ಯಾಲಿ ಯೋಜನೆ, ಈಗ ಟ್ಯಾಂಕ್ ಅಂದ್ರೆ ಒಂದೇ ಅರ್ಥ 😡

ನೀರಗಂಟಿ ಮೊಮ್ಮಗ:
ಬಂದ್ರಪ್ಪಾ ಇವ್ರು. ಬೋರು 1500 ಅಡಿ ಹೊಡ್ಸಿ ಹೊಗೆ ಬಂದಾಗ ಎಲ್ಲಿದ್ರಿ? ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದ ಯೋಜನೆ ಅದು, 126 ಕೆರೆ ತುಂಬಿಸೋದು, ನಮ್ ಕಡೆ ಬೋರಲ್ಲಿ ನೀರು ಮೇಲೆ ಬಂದೈತೆ. ಐಐಎಸ್ಸಿಯೋರೂ ಅಂತರ್ಜಲ ಏರೈತೆ ಅಂತ ಹೇಳವ್ರೆ. ಸೆಪ್ಟಿಕ್ ಟ್ಯಾಂಕಂತೆ.

ಚಿಂತಾಮಣಿ ಟೊಮೊಟೊ:
"ಮೇಲೆ ಬಂದೈತೆ" ಅಂದ್ರೆ, ಏನ್ ಮೇಲೆ ಬಂತು? ನೊರೆ ಬಂದಿತ್ತು. 2018 ಜುಲೈಲಿ ಲಕ್ಷ್ಮೀಸಾಗರ ಕೆರೆಲಿ ನೊರೆ ಎದ್ದು ಹೈಕೋರ್ಟು ನೀರು ನಿಲ್ಸಿ ಅಂದಿದ್ದು ಮರ್ತೋಯ್ತಾ? ಎರಡು ಹಂತ ಮಾತ್ರ ಸಂಸ್ಕರಣೆ, ಮೂರನೇ ಹಂತ ಮಾಡಿ ಅಂತ ಎಷ್ಟು ಹೋರಾಟ ಆಗೈತೆ.

ನೀರಗಂಟಿ ಮೊಮ್ಮಗ:
ಹೈಕೋರ್ಟು ಹೇಳಿದ್ದು ಗೊತ್ತೈತೆ, ಆಮೇಲೆ ಸುಪ್ರೀಂ ಕೋರ್ಟು ಬುಡಿ ಅಂದಿದ್ದು ನಿಮ್ಗೆ ಗೊತ್ತಿಲ್ವಾ?

ಮಾಲೂರು ಮಮ್ಮಿ:
ರೀ ಎಲ್ರೂ, ಪ್ರಶ್ನೆ ಪೂರ್ತಿ ಹಾಕ್ದೆ ಹೋದೆ ಅಂತ ಈಗ ನೋಡ್ತಿದೀನಿ, ಪೇಪರಲ್ಲಿ ಒಂದು ಪ್ಯಾರಾ ಕೊಟ್ಟಿದ್ರು, ಅದ್ರಲ್ಲಿರೋ ಸಾಲು ಇದು: ದಿ ಫಾರ್ಮರ್ಸ್ ವೇಟೆಡ್ ಟಿಲ್ ದಿ ಟ್ಯಾಂಕ್ ವಾಸ್ ಫುಲ್. ಟ್ಯಾಂಕ್ ಕೆಳಗೆ ಗೆರೆ ಎಳ್ದಿದ್ರು.

ಶಾಸನಪ್ರಿಯ:
ಮುಗೀತು. ಫಾರ್ಮರ್ಸ್! ಕೇಸ್ ಕ್ಲೋಸ್!

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಹೇಗೆ ಕ್ಲೋಸ್? ರೈತರು ಟ್ರ್ಯಾಕ್ಟರ್ ತಗೊಂಡು ಬಂಕಲ್ಲಿ ನಿಂತಿರಬಹುದಲ್ಲ, ಡೀಸೆಲ್ ಟ್ಯಾಂಕ್ ಫುಲ್ ಆಗೋವರ್ಗೂ. ಸ್ಪ್ರೇ ಟ್ಯಾಂಕ್ ಇರಬಹುದು. ಪ್ಯಾರಾ ಪೂರ್ತಿ ನೋಡದೆ ಹೇಳಕ್ಕಾಗಲ್ಲ.

ನೀರಗಂಟಿ ಮೊಮ್ಮಗ:
ಮೇಷ್ಟ್ರೇ, ಊರ ರೈತರೆಲ್ಲ ಒಂದೇ ಟ್ರ್ಯಾಕ್ಟರ್ ಟ್ಯಾಂಕಿಗೆ ಕಾಯ್ಕೊಂಡು ನಿಂತಿದ್ರಾ 🙏

ಶಾಸನಪ್ರಿಯ:
ಮೇಷ್ಟ್ರು ಸ್ಟ್ಯಾಂಡರ್ಡ್ ಇಂಗ್ಲಿಷ್ ಅಂತಾರಲ್ಲ, ಅಮೆರಿಕದ ಟೆಕ್ಸಾಸಲ್ಲಿ ದನ ನೀರು ಕುಡಿಯೋಕೆ ತೋಡಿರೋ ಕುಂಟೆಗೆ ಇವತ್ತಿಗೂ ಟ್ಯಾಂಕ್ ಅಂತಾರೆ. ನಮ್ಮ ಗೋಕುಂಟೆ ಇದೆಯಲ್ಲ, ಅದೇ. ಆಸ್ಟ್ರೇಲಿಯಾದಲ್ಲೂ ಅಂತಾರೆ. ಮೆರಿಯಮ್ ವೆಬ್‌ಸ್ಟರ್ ತೆಗೆದ್ರೆ ಮೊದಲನೇ ಅರ್ಥಾನೇ ಪಾಂಡ್, ಪೂಲ್. ಮಗು ಬರ್ದಿದ್ದು ಅಕ್ಷರಶಃ ಅದೇ ಪದ.

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಆ ಮೊದಲನೇ ಅರ್ಥದ ಪಕ್ಕದಲ್ಲಿ ಡಯಲೆಕ್ಟ್ ಅಂತ ಒಂದು ಪದ ಇದೆ, ಅದನ್ನ ಓದಲಿಲ್ವಾ ಸ್ವಾಮಿ? ಪ್ರಾದೇಶಿಕ ಬಳಕೆ ಅಂತ. ನಾನು ಹೇಳಿದ್ದೂ ಅದೇ ತಾನೇ. ಓದಿದ್ರೆ ಪೂರ್ತಿ ಓದ್ಬೇಕು.

ಶಾಸನಪ್ರಿಯ:
ಪ್ರಾದೇಶಿಕ ಅಂದ್ರೆ ತಪ್ಪು ಅಂತಾನಾ? ಮಾಲೂರು ಪ್ರದೇಶ ಅಲ್ವಾ?

ಬೆಂಗ್ಳೂರ್ ರಿಟರ್ನ್:
ಪಾಂಡ್ ಅಂದ್ರೆ ಚಿಕ್ಕದು ಸಾರ್. ಕುಂಟೆ. ಕೆರೆಗೆ ಪಾಂಡ್ ಅಂದ್ರೂ ತಪ್ಪೇ. ನಾನು ಮೊದ್ಲಿಂದ ಹೇಳ್ತಿರೋದೇ ಅದು, ಲೇಕ್ ಅಂತ ಬರೀಬೇಕಿತ್ತು.

ಚಿಂತಾಮಣಿ ಟೊಮೊಟೊ:
ನೀವ್ ಲೇಕಾದ್ರೂ ಅನ್ನಿ ಪಾಂಡಾದ್ರೂ ಅನ್ನಿ, ನನ್ ಮಾತಿಗೆ ನೀರಗಂಟಿ ಉತ್ತರ ಕೊಟ್ಟಿಲ್ಲ. ಸ್ವಾಮಿ ನೀವು ಮೇಲ್ಗಡೆ ಏನಂದ್ರಿ, ಏರಿ ಹಾಕಿ "ತೂಬು ಇಟ್ಟು" ಅಚ್ಚುಕಟ್ಟು ಮಾಡಿದ್ದು ಟ್ಯಾಂಕು ಅಂತ. ಈಗ ಕೆಸಿ ವ್ಯಾಲಿ ನೀರು ತುಂಬಿರೋ ಕೆರೆಲಿ ತೂಬು ಎತ್ತಂಗೈತಾ? ಇಲ್ಲ. ಮೋಟ್ರು ಇಟ್ಟು ಎಳ್ಯಂಗೈತಾ? ಇಲ್ಲ. ಬರೀ ಅಂತರ್ಜಲಕ್ಕೆ ಅಂತ ಆರ್ಡರು. ಅಚ್ಚುಕಟ್ಟಿಗೆ ಒಂದು ಹನಿ ಬಿಡಂಗಿಲ್ಲ. ನೀರು ತುಂಬಿಟ್ಟು ನೋಡ್ಕೊಂಡು ಕೂರೋದಕ್ಕೆ ಏನಂತಾರೆ? ಮಿಸ್ಸು ಬರ್ದವ್ರಲ್ಲ, ಕಂಟೇನರ್ರು. ಆಯಮ್ಮ ಕೋಲಾರ ಜಿಲ್ಲೆನ ಸರಿಯಾಗೇ ಅರ್ಥ ಮಾಡ್ಕೊಂಡವ್ರೆ.

ಗೌರಿಬಿದನೂರು ಜಿಮ್ ಬಾಯ್:
ಬೆಂಕಿ 🔥🔥 ಟೊಮೊಟೊ ಅಣ್ಣಂಗೆ ಜೈ

ನೀರಗಂಟಿ ಮೊಮ್ಮಗ:
ಜೈ ಅನ್ನೋಕೆ ಮುಂಚೆ ಯೋಚ್ನೆ ಮಾಡು ತಮ್ಮ. ಕಂಟೇನರ್ ಆಗಿದ್ರೆ ನೀರು ಇಂಗ್ತಿರ್ಲಿಲ್ಲ. ಪ್ಲಾಸ್ಟಿಕ್ ಡ್ರಮ್ಮಲ್ಲಿ ತುಂಬಿಟ್ರೆ ಪಕ್ಕದ ಬೋರಿಗೆ ನೀರು ಬತ್ತದಾ? ಕೆರೆಲಿ ಬತ್ತದೆ. ಅದಕ್ಕೆ ಅದು ಕೆರೆ. ತೂಬು ಎತ್ಲಿ ಬುಡ್ಲಿ.

ಚಿಂತಾಮಣಿ ಟೊಮೊಟೊ:
"ತೂಬು ಎತ್ಲಿ ಬುಡ್ಲಿ"!! ನೀರಗಂಟಿ ಮೊಮ್ಮಗನ ಬಾಯಲ್ಲಿ ಬರೋ ಮಾತಾ ಇದು? ನಿಮ್ ತಾತ ಮಾಡ್ತಿದ್ದ ಕೆಲ್ಸಾನೇ ಅದು, ತೂಬು ಎತ್ತಿ ಸರದಿ ಮೇಲೆ ಗದ್ದೆಗಳಿಗೆ ನೀರು ಹಂಚೋದು. ತೂಬೇ ಬೇಡ ಅಂದ್ಮೇಲೆ ನೀವ್ ಯಾತರ ನೀರಗಂಟಿ, ಹೆಸ್ರು ಬದ್ಲಾಯ್ಸ್ಕೊಳ್ಳಿ.

ನೀರಗಂಟಿ ಮೊಮ್ಮಗ:
ತಾತನ ತಂಟೆಗೆ ಬರ್ಬೇಡಿ. ನೆಟ್ಟಗಿರಲ್ಲ. ನಮ್ ತಾತ ತೂಬು ಎತ್ತಿದ್ದು ಕೆರೆಲಿ ನೀರಿದ್ದಾಗ. ಆಮೇಲೆ ಎಷ್ಟೋ ವರ್ಷ ಕೆರೆ ಅಂಗಳದಲ್ಲಿ ಜಾಲಿ ಬೆಳ್ಕೊಂಡು ಕ್ರಿಕೆಟ್ ಆಡ್ತಿದ್ವಿ, ಆವಾಗ ನಿಮ್ ತೂಬು ಏನ್ ಮಾಡ್ತಿತ್ತು? ನೀವ್ ಚಿಂತಾಮಣಿಲಿ ಟೊಮೊಟೊ ಬೆಳ್ಯೋದು ಯಾವ್ ನೀರಲ್ಲಿ, ಬೋರಲ್ಲಿ ತಾನೇ? ಆ ಬೋರಿಗೆ ನೀರು ಬಂದಿದ್ದೆಲ್ಲಿಂದ?

ಚಿಂತಾಮಣಿ ಟೊಮೊಟೊ:
ಮಳೆಯಿಂದ.

ಅಡ್ಮಿನ್:
ತಾತ, ಅಪ್ಪ ಅಂತೆಲ್ಲ ಹೋಗ್ಬೇಡಿ. ಕೆಸಿ ವ್ಯಾಲಿಗೆ ಬೇರೆ ಥ್ರೆಡ್ ಇದೆ. ಇಲ್ಲಿ ಟ್ಯಾಂಕ್ ಪದದ ಬಗ್ಗೆ ಮಾತ್ರ.

ಚಿಂತಾಮಣಿ ಟೊಮೊಟೊ:
ನಾನು ಪದದ ಬಗ್ಗೆನೇ ಮಾತಾಡ್ತಿರೋದು ಅಡ್ಮಿನ್ ಸಾರ್. ನಮ್ ಕಡೆಗೆ ನೀರು ತರೋ ಯೋಜನೆ, ಎತ್ತಿನಹೊಳೆ ಅಂತಾನೂ ಒಂದು ಪದ ಐತೆ, ಅದಕ್ಕೆ ಅರ್ಥ ಇನ್ನೂ ಬಂದಿಲ್ಲ.

ಕೆಜಿಎಫ್ ರಿಟೈರ್ಡ್:
ಒಂದು ನಿಮಿಷ. "ಏರಿ ಹಾಕಿ" ಅಂತ ಎಲ್ಲಾರೂ ಬರೀತಿದೀರಲ್ಲ. ನಮ್ಮ ಮನೇಲಿ ತಮಿಳು. ತಮಿಳಲ್ಲಿ ಏರಿ ಅಂದ್ರೇನೇ ಕೆರೆ. ನೀರು ತುಂಬಿರೋ ಜಾಗ. ನೀವು ಅದನ್ನ ಮಣ್ಣಿನ ಕಟ್ಟೆಗೆ ಹೇಳ್ತಿದೀರಿ. ಪಕ್ಕಪಕ್ಕದ ಭಾಷೆಲೇ ಒಂದು ಪದ ಹಿಂಗೆ ತಿರುಗಿದ್ರೆ, ಇಂಗ್ಲಿಷ್ ಪದಕ್ಕೆ ಒಂದೇ ಅರ್ಥ ಇರ್ಬೇಕು ಅಂತ ಮಗೂಗೆ ಮಾರ್ಕ್ಸ್ ಕಟ್ ಮಾಡೋದು ನ್ಯಾಯ ಅಲ್ಲ. ನಾನು ಮೊದಲು ಹೇಳಿದ್ದೂ ಇದೇ.

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಸಾರ್, ನೀವು ಮೊದಲು ಹೇಳಿದ್ದು "ಮೇಷ್ಟ್ರು ಹೇಳಿದ್ದೇ ಸರಿ" ಅಂತ. ಮೇಲ್ಗಡೆ ಹಾಗೇ ಇದೆ, ನೋಡ್ಕೊಳ್ಳಿ.

ಕೆಜಿಎಫ್ ರಿಟೈರ್ಡ್:
ಅದು ಯುದ್ಧದ ಟ್ಯಾಂಕ್ ವಿಷಯದಲ್ಲಿ.

ಶಾಸನಪ್ರಿಯ:
ತಮಿಳಿನ ಏರಿ ವಿಷಯ ಚೆನ್ನಾಗಿದೆ, ಆದ್ರೆ ಕೆರೆಯ ನಿಜವಾದ ನೆಂಟ ಅದಲ್ಲ. ಹಳಗನ್ನಡದಲ್ಲಿ ಕೆಱೆ, ತೆಲುಗಲ್ಲಿ ಚೆರುವು, ತಮಿಳಲ್ಲಿ ಸಿಱೈ ಅಂದ್ರೆ ತಡೆ, ಕಟ್ಟೆ. ಕನ್ನಡದ ಕ ತೆಲುಗಲ್ಲಿ ಚ ಆಗೋದು ನಮ್ಮ ಕೋಲಾರದೋರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ, ಮನೆ ಒಳಗೆ ಒಂದು ಹೊರಗೆ ಒಂದು ಮಾತಾಡೋರು ನಾವು, ಕಿವಿ ಚೆವಿ, ಕೈ ಚೆಯ್ಯಿ, ಕೆರೆ ಚೆರುವು. ಇನ್ನು ಊರ ಹೆಸರು ನೋಡಿ, ತಿಮ್ಮಸಂದ್ರ, ರಾಯಸಂದ್ರ, ಈ ಸಂದ್ರ ಅಂದ್ರೆ ಸಮುದ್ರ. ಹಿಂದಿನೋರು ಕೆರೆ ಕಟ್ಟಿ ಸಮುದ್ರ ಅಂತ ಹೆಸರಿಟ್ರು, ಲಕ್ಷ್ಮೀಸಾಗರ ಅಂದ್ರು, ಧರ್ಮಾಂಬುಧಿ ಅಂದ್ರು, ಅಂಬುಧಿ ಅಂದ್ರೂ ಕಡಲೇ. ತುಮಕೂರಿನ ಅಮಾನಿಕೆರೆ ಇದೆಯಲ್ಲ, ಅಮಾನಿ ಅಂದ್ರೆ ಗುತ್ತಿಗೆಗೆ ಕೊಡದೆ ಸರ್ಕಾರಾನೇ ನೋಡ್ಕೊಳ್ಳೋದು. ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಕಲ್ಯಾಣಿ, ಗೋಕುಂಟೆ, ಒಂದೊಂದಕ್ಕೂ ಒಂದೊಂದು ಅಳತೆ, ಒಂದೊಂದು ಕೆಲಸ. ಇಷ್ಟಕ್ಕೂ ಸೇರಿಸಿ ಇಂಗ್ಲಿಷರ ಹತ್ರ ಇದ್ದಿದ್ದು ಒಂದು ಟ್ಯಾಂಕು, ಅದೂ ಇಲ್ಲಿಂದ ತಗೊಂಡು ಹೋಗಿದ್ದು.

ಬೆಂಗ್ಳೂರ್ ರಿಟರ್ನ್:
"ಸಮುದ್ರ" ಅಂತ ಹೆಸರಿಟ್ರೆ ಓಕೆ, ಲೇಕ್ ಅಂದ್ರೆ ಮಾತ್ರ ಸೈಟು ಮಾರೋರಾ? ನಿಮ್ಮ ರಾಯಸಂದ್ರದಲ್ಲಿ ಅಲೆ ಬರುತ್ತಾ ಸಾರ್?

ಶಾಸನಪ್ರಿಯ:
ಅದು ಅಭಿಮಾನದ ಹೆಸರು. ನಿಮ್ದು ಸ್ಕ್ವೇರ್ ಫೀಟ್ ರೇಟಿನ ಹೆಸರು.

ಬೆಂಗ್ಳೂರ್ ರಿಟರ್ನ್:
ಪರ್ಸನಲ್ ಆಗಿ ಅಟ್ಯಾಕ್ ಮಾಡೋದಾದ್ರೆ ನಾನು ಎಕ್ಸಿಟ್.

ಗೌರಿಬಿದನೂರು ಜಿಮ್ ಬಾಯ್:
ಟ್ಯಾಂಕ್ ಆದ್ರು 😂

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಶಾಸನಪ್ರಿಯರು "ಒಂದೊಂದಕ್ಕೂ ಒಂದೊಂದು ಅಳತೆ" ಅಂದ್ರು. ಸಂತೋಷ. ಹಾಗಿದ್ರೆ ಕೆರೆ, ಕುಂಟೆ ಸಿನೊನಿಮ್ ಅಲ್ಲ ಅಂತ ಅವರೇ ಹೇಳಿದ ಹಾಗಾಯ್ತು, ಟ್ಯಾಂಕ್ ಮತ್ತೆ ಪಾಂಡ್ ಕೂಡ ಅಲ್ಲ. ಮಿಸ್ಸು ಕೊಟ್ಟಿದ್ದು ಸರಿ. ಪೂರ್ತಿ ಸಿನೊನಿಮ್ ಅನ್ನೋದು ಯಾವ ಭಾಷೆಲೂ ಇಲ್ಲ, ವಾಕ್ಯಕ್ಕೆ ತಕ್ಕ ಹಾಗೆ ಹತ್ತಿರದ್ದು ಆರಿಸ್ಬೇಕು. ರಿಸರ್ವಾಯರ್ ಅಂತ ಬರ್ದಿದ್ರೆ ನಾನಾದ್ರೆ ಕೊಡ್ತಿದ್ದೆ.

ನೀರಗಂಟಿ ಮೊಮ್ಮಗ:
"ವಾಕ್ಯಕ್ಕೆ ತಕ್ಕ ಹಾಗೆ". ವಾಕ್ಯದಲ್ಲಿ ರೈತರವ್ರೆ ಮೇಷ್ಟ್ರೇ, ಅದಕ್ಕೇ ತಾನೇ ನಾವು ಬಡ್ಕೊಳ್ತಿರೋದು. ರಿಸರ್ವಾಯರ್ ಅಂದ್ರೆ ಮಾರ್ಕೋನಹಳ್ಳಿ ಥರ ಡ್ಯಾಮು, ನಿಮ್ ಜಿಲ್ಲೇಲೇ ಐತಲ್ಲ ಕುಣಿಗಲ್ ಕಡೆ, ಹೋಗಿ ನೋಡ್ಕೊಂಡು ಬನ್ನಿ. ಸರ್ಕಾರದ ಲೆಕ್ಕದಲ್ಲೂ ಕೆರೆ ಬೇರೆ. 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟು ಇದ್ರೆ ಸಣ್ಣ ನೀರಾವರಿ ಇಲಾಖೆದು, ಕಮ್ಮಿ ಇದ್ರೆ ಪಂಚಾಯ್ತಿದು, ಎರಡಕ್ಕೂ ಇಂಗ್ಲಿಷಲ್ಲಿ ಬರ್ಯೋದು ಟ್ಯಾಂಕ್ ಅಂತ. ಪಾತ್ರೆಗೆ ಅಚ್ಚುಕಟ್ಟು ಇರಲ್ಲ.

ಚಿಂತಾಮಣಿ ಟೊಮೊಟೊ:
ಅಚ್ಚುಕಟ್ಟು ಅಂತ ಪೇಪರಲ್ಲಿ ಐತೆ, ನೀರು ಬುಡಲ್ಲ. ಮತ್ತೆ ಅಲ್ಲಿಗೇ ಬಂದ್ರಿ.

ಮಾಲೂರು ಮಮ್ಮಿ:
ಇವತ್ತು ಸ್ಕೂಲಿಗೆ ಹೋಗಿದ್ದೆ. ಮಿಸ್ಸು ಪಾಪ ಸಮಾಧಾನವಾಗೇ ಮಾತಾಡಿದ್ರು. ಅವ್ರಿಗೆ ಬಂದಿರೋ ಆನ್ಸರ್ ಕೀಲಿ ಕಂಟೇನರ್ ಅಂತ್ಲೇ ಐತಂತೆ, ಕೀ ದಾಟಿ ಮಾರ್ಕ್ಸ್ ಕೊಡಂಗಿಲ್ವಂತೆ.

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ನೋಡಿ, ಕೀಲೇ ಇದೆ.

ಶಾಸನಪ್ರಿಯ:
ಕೀ ಮಾಡಿದೋರು ಯಾರು ಅಂತ ಕೇಳಿ. ಅವರ ಊರಲ್ಲಿ ಕೆರೆ ಇರ್ಲಿಕ್ಕಿಲ್ಲ.

ಗೌರಿಬಿದನೂರು ಜಿಮ್ ಬಾಯ್:
ಗುರು ಲಾಸ್ಟ್ ಡೌಟು. ಟ್ಯಾಂಕರ್ ಅಂದ್ರೆ? ಟ್ಯಾಂಕ್ ಕಟ್ಟೋನಾ?

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಟ್ಯಾಂಕರ್ ಅಂದ್ರೆ ಮೊದಲನೇ ಅರ್ಥ, ಎಣ್ಣೆ ಸಾಗಿಸೋ ದೊಡ್ಡ ಹಡಗು. ಲಾರಿ ಆಮೇಲೆ.

ಚಿಂತಾಮಣಿ ಟೊಮೊಟೊ:
ಹಡಗಾ? ನಮ್ ಬೀದಿಗೆ ಬೇಸಿಗೆಲಿ ಟ್ರ್ಯಾಕ್ಟರ್ ಹಿಂದೆ ಕಟ್ಕೊಂಡು ಬರೋದು ಏನು ಮತ್ತೆ?

ತಿಪಟೂರು ಇಂಗ್ಲಿಷ್ ಮೇಷ್ಟ್ರು:
ಅದು ನಿಮ್ಮ ಕಡೆಯ ಬಳಕೆ. ಸ್ಟ್ಯಾಂಡರ್ಡ್ ಅರ್ಥ ಹಡಗೇ.

ನೀರಗಂಟಿ ಮೊಮ್ಮಗ:
ಕೋಲಾರಕ್ಕೆ ಹಡಗು ಯಾವ್ ಕಡೆಯಿಂದ ಬತ್ತದೆ ಹೇಳಿ ಮೇಷ್ಟ್ರೇ, ಕೊಡ ಹಿಡ್ಕೊಂಡು ಲೈನಲ್ಲಿ ನಿಂತ್ಕೊಂತೀವಿ. ಟೊಮೊಟೊ ಅಣ್ಣನೂ ಬತ್ತಾರೆ.

ಚಿಂತಾಮಣಿ ಟೊಮೊಟೊ:
ನನ್ನನ್ನ ನಿಮ್ ಲೈನಿಗೆ ಸೇರಿಸ್ಬೇಡಿ. ತೂಬಿನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.